ಹತ್ತರ ಸ್ಪ್ಯಾನರ್ ಮೊದಲು

ನಲವತ್ತಾರು ಪೀಸಿನ ಆ ಡಬ್ಬಿಯನ್ನು ನೀವೂ ನೋಡಿರುತ್ತೀರಿ. ಪ್ಲಾಸ್ಟಿಕ್ ಪೆಟ್ಟಿಗೆ, ಒಳಗೆ ಒಂದೊಂದು ಸಾಮಾನಿಗೂ ಅದರದೇ ಗುಳಿ, ಗುಳಿಯಲ್ಲಿ ಹೊಳೆಯುವ ಸಾಕೆಟ್ಟುಗಳು, ಕಟಕಟ ಸದ್ದಿನ ಒಂದು ರ‍್ಯಾಚೆಟ್ ಹಿಡಿ, ಜೊತೆಗೆ ಬೊಗಸೆ ತುಂಬ ಸ್ಕ್ರೂಡ್ರೈವರ್ ಮೂತಿಗಳು. ನಮ್ಮ ಸ್ಟಾಫ್ ರೂಮಿನಲ್ಲಿ ಯಾರಾದರೂ "ಮೇಡಂ, ಗಾಡಿ ಸಣ್ಣಪುಟ್ಟ ಕೆಲಸ ನಾನೇ ಮಾಡ್ಕೊಳ್ಳೋಣ ಅಂತ, ಇದು ತಗೊಳ್ಲಾ?" ಎಂದು ಮೊಬೈಲು ಮುಂದೆ ಹಿಡಿದರೆ ಅದರಲ್ಲಿ ಇರುವುದು ಇದೇ ಡಬ್ಬಿ. ಬೇಡ ಅನ್ನುತ್ತೇನೆ. ಅದರ ಸಾಕೆಟ್ಟುಗಳು 4 ಮಿ.ಮೀ.ಯಿಂದ ಶುರುವಾಗಿ 14ಕ್ಕೆ ಮುಗಿಯುತ್ತವೆ. ಸ್ಕೂಟರಿನ ಎಂಜಿನ್ ಆಯಿಲ್ ಇಳಿಸುವ ಬೋಲ್ಟಿನ ತಲೆ 17. ಕಾರಿನ ಚಕ್ರದ ನಟ್ಟು 17, 19, ಇಲ್ಲವೇ 21. ಗಾಡಿ ಇಟ್ಟುಕೊಂಡವರು ಮೊದಲು ಕೈ ಹಾಕುವ ಎರಡು ಕೆಲಸಕ್ಕೇ ಡಬ್ಬಿಯಲ್ಲಿ ಸಾಮಾನಿಲ್ಲ. 4, 4.5, 5, 5.5ರ ಸಾಕೆಟ್ಟುಗಳಿಗೆ ತಕ್ಕ ನಟ್ಟನ್ನೋ ಗಾಡಿಯಲ್ಲಿ ಹುಡುಕಿಕೊಂಡು ಹೋಗಬೇಕು.

ನಾನು ಸಾಗರದಲ್ಲಿ ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳುವವಳು. ಮನೆ ಪೇಟೆಯಿಂದ ಒಳಗೆ, ತೋಟದ ಮಗ್ಗುಲಲ್ಲಿ. ಒಂದು ಆಕ್ಟಿವಾ, ಮಾವನವರ ಸ್ಪ್ಲೆಂಡರ್, ಎಲ್ಲರಿಗೂ ಸೇರಿದ ಹಳೇ ವ್ಯಾಗನ್ ಆರ್ ಇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗ್ಯಾರೇಜಿಗೆ ಹೋಗಿ ಕಾದು ಬರುವುದೆಂದರೆ ಅರ್ಧ ದಿನ ಹೋಯಿತು ಎಂದೇ ಲೆಕ್ಕ. ಹಾಗಾಗಿ ಕೊಟ್ಟಿಗೆಯ ಪಕ್ಕದ ಮಾಡಿನ ಕೆಳಗೆ ನನ್ನದೊಂದು ಸಣ್ಣ ವ್ಯವಸ್ಥೆ ಇದೆ. ಅಲ್ಲಿರುವ ಸಾಮಾನಿನಲ್ಲಿ ಯಾವುದೂ ಒಟ್ಟಿಗೆ ಬಂದದ್ದಲ್ಲ.

ಕೊಳ್ಳುವ ಮೊದಲು ಒಂದು ಭಾನುವಾರ ಬೆಳಿಗ್ಗೆ ಕಾಗದ, ಪೆನ್ನು ಹಿಡಿದು ಗಾಡಿಯ ಸುತ್ತ ಕೂರಬೇಕು. ನೀವು ನಿಜವಾಗಿ ಮಾಡಲಿರುವ ಕೆಲಸಗಳನ್ನು ಮಾತ್ರ ಬರೆಯಿರಿ: ಗಾಳಿ ನೋಡುವುದು, ಆಯಿಲ್ ಬದಲಿಸುವುದು, ಪ್ಲಗ್ ಬಿಚ್ಚುವುದು, ಏರ್ ಫಿಲ್ಟರ್ ಒರೆಸುವುದು, ಚೈನ್ ಬಿಗಿ ಮಾಡುವುದು, ಬ್ಯಾಟರಿ ಟರ್ಮಿನಲ್ ಉಜ್ಜುವುದು, ಸ್ಟೆಪ್ನಿ ಹಾಕುವುದು. ಪ್ರತಿಯೊಂದರ ಮುಂದೆ ಅಲ್ಲಿರುವ ನಟ್ಟಿನ ಸೈಜು. ಸ್ಕೇಲು ಹಿಡಿದು ಅಳೆದರೂ ಆದೀತು. ನಟ್ಟಿನ ತಲೆಯ ಎದುರುಬದುರು ಚಪ್ಪಟೆ ಮೈಗಳ ನಡುವಿನ ಅಂತರವೇ ಸ್ಪ್ಯಾನರಿನ ಮೇಲೆ ಬರೆದಿರುವ ನಂಬರು, ಬೋಲ್ಟಿನ ದಪ್ಪವಲ್ಲ. 6 ಮಿ.ಮೀ. ದಪ್ಪದ ಬೋಲ್ಟಿಗೆ ಸಾಮಾನ್ಯವಾಗಿ 10ರ ತಲೆ. 8 ಮಿ.ಮೀ. ಬೋಲ್ಟಿಗೆ ಜಪಾನಿ ಮನೆತನದ ಗಾಡಿಗಳಲ್ಲಿ, ಎಂದರೆ ಹೋಂಡಾ, ಸುಜುಕಿ, ಯಮಹಾ, ಅವುಗಳ ಬಳಿ ಕೆಲಸ ಕಲಿತ ಹೀರೋ, ಮಾರುತಿಗಳಲ್ಲಿ, 12ರ ತಲೆ. ಫೋಕ್ಸ್‌ವ್ಯಾಗನ್, ಸ್ಕೋಡಾದಂಥ ಯುರೋಪಿನ ಕಾರುಗಳಲ್ಲಿ ಅದೇ ಬೋಲ್ಟಿಗೆ 13. ಹಳೇ ಬುಲೆಟ್ಟಿನಲ್ಲಿ ಮಿಲಿಮೀಟರೂ ಅಲ್ಲದ ಇಂಚಿನ ಲೆಕ್ಕದ ನಟ್ಟುಗಳು ಸಿಗುತ್ತವೆ, ಆ ಗಾಡಿ ಇಟ್ಟವರ ಕಷ್ಟವೇ ಬೇರೆ. ನಮ್ಮ ಮನೆಯ ಮೂರೂ ಗಾಡಿಯನ್ನು ಹೀಗೆ ಸುತ್ತಿ ಬರೆದಾಗ ಕಾಗದದಲ್ಲಿ ಉಳಿದದ್ದು 8, 10, 12, 14, 17, 19. ಅದರಲ್ಲಿ 10 ಎಷ್ಟು ಕಡೆ ಬಂತೆಂದರೆ ಕೊನೆಗೆ ಬರೆಯುವುದನ್ನೇ ಬಿಟ್ಟೆ. ಬ್ಯಾಟರಿ ಟರ್ಮಿನಲ್, ಮಡ್‌ಗಾರ್ಡು, ಸೈಲೆನ್ಸರಿನ ಕವರು, ನಂಬರ್ ಪ್ಲೇಟು, ಎಲ್ಲ ಅದೇ. ಮೊದಲು ಕೊಳ್ಳಬೇಕಾದ್ದು, ಒಳ್ಳೆಯದನ್ನೇ ಕೊಳ್ಳಬೇಕಾದ್ದು ಹತ್ತರ ಸ್ಪ್ಯಾನರ್. ಮೊದಲು ಕಳೆಯುವುದೂ ಅದೇ.

ಈ ಕಾಗದ ಕೈಯಲ್ಲಿದ್ದರೆ ಅಂಗಡಿಯಲ್ಲಿ ಮಾತು ಕಡಿಮೆಯಾಗುತ್ತದೆ. ನಮ್ಮಲ್ಲಿ ಸಿಗುವ ಎರಡು ಬಾಯಿಯ ಸ್ಪ್ಯಾನರುಗಳು ಜೋಡಿ ಸೈಜಿನಲ್ಲಿ ಬರುತ್ತವೆ: 8–9, 10–11, 12–13, 14–15, 16–17, 18–19. ಪೂರ್ತಿ ಸೆಟ್ಟು ಬೇಡ, ಈ ಆರು ಬಿಡಿಯಾಗಿ ಕೇಳಿ. ಅಂಗಡಿಯವರು ಖಂಡಿತ ಇನ್ನೊಂದು ತೋರಿಸುತ್ತಾರೆ. ನನಗೂ ತೋರಿಸಿದರು.

"ಅಕ್ಕಾ, ಅಷ್ಟೆಲ್ಲ ಯಾಕೆ, ಈ ಅಡ್ಜಸ್ಟಬಲ್ ಒಂದು ತಗೊಳಿ. ಎಲ್ಲ ನಟ್ಟಿಗೂ ಆಗ್ತದೆ."

"ಎಲ್ಲ ನಟ್ಟನ್ನೂ ಹಾಳು ಮಾಡೋಕೆ ಆಗ್ತದೆ."

"ಹಾಂ, ಅದೂ ಹೌದು," ಎಂದು ನಕ್ಕು ಒಳಗಿನ ಕಪಾಟಿಗೆ ಹೋದರು.

ಅಡ್ಜಸ್ಟಬಲ್ ಸ್ಪ್ಯಾನರಿನ ಒಂದು ದವಡೆ ತಿರುಪಿನ ಮೇಲೆ ಓಡಾಡುವಂಥದ್ದು. ಎಷ್ಟೇ ಬಿಗಿ ಮಾಡಿದರೂ ಒಂದಿಷ್ಟು ಅಲುಗಾಟ ಉಳಿಯುತ್ತದೆ, ಜೋರು ಬಿದ್ದಾಗ ದವಡೆ ಅಗಲವಾಗಿ ನಟ್ಟಿನ ಮೂಲೆ ಕೆರೆಯುತ್ತದೆ. ಮನೆಯ ನಲ್ಲಿಗೆ ಸರಿ, ಗಾಡಿಗೆ ಬೇಡ. ಫಿಕ್ಸ್ ಸ್ಪ್ಯಾನರ್, ಎಂದರೆ ತೆರೆದ ಬಾಯಿಯದ್ದು, ನಟ್ಟಿನ ಎರಡೇ ಮೈಯನ್ನು ಹಿಡಿಯುತ್ತದೆ. ರಿಂಗ್ ಸ್ಪ್ಯಾನರ್ ಆರೂ ಮೂಲೆಯನ್ನು ಸುತ್ತಿ ಹಿಡಿಯುತ್ತದೆ. ಕೆಲಸದ ಲಯ ಹೀಗಿದೆ: ಬಿಗಿಯಾದ ನಟ್ಟನ್ನು ಮೊದಲ ಸಲ ಅಲ್ಲಾಡಿಸುವುದು ರಿಂಗ್, ಆಮೇಲೆ ಸರಸರ ಬಿಚ್ಚುವುದು ಫಿಕ್ಸ್. ದುಡ್ಡಿಗೆ ಒಂದೇ ಬಗೆ ಕೊಳ್ಳುವುದಾದರೆ ರಿಂಗ್ ಕೊಳ್ಳಿ. ಒಂದು ಕಡೆ ರಿಂಗ್, ಇನ್ನೊಂದು ಕಡೆ ತೆರೆದ ಬಾಯಿ, ಎರಡಕ್ಕೂ ಒಂದೇ ಸೈಜು ಇರುವ ಕಾಂಬಿನೇಷನ್ ಸ್ಪ್ಯಾನರ್ ಸಿಕ್ಕರೆ ಇನ್ನೂ ಚೆನ್ನ.

ಒಳ್ಳೆಯದು ಯಾವುದು ಎಂದು ಕೌಂಟರಿನ ಮುಂದೆ ನಿಂತು ತಿಳಿಯುವುದು ಕಷ್ಟವಲ್ಲ. ಹೊಳಪು ನೋಡಬೇಡಿ, ಹೊಳಪು ಅಗ್ಗದ್ದರಲ್ಲೇ ಜಾಸ್ತಿ. ಅಂಗಡಿಯವರಲ್ಲಿ ಹತ್ತರ ತಲೆಯ ಒಂದು ಹೊಸ ಬೋಲ್ಟು ಕೇಳಿ, ಸ್ಪ್ಯಾನರಿಗೆ ತೊಡಿಸಿ, ಮೆಲ್ಲಗೆ ಅತ್ತಿತ್ತ ಆಡಿಸಿ. ಕೂದಲೆಳೆಯಷ್ಟು ಆಟ ಸಹಜ, ಅದೂ ಇರದಿದ್ದರೆ ತುಕ್ಕು ಹಿಡಿದ ನಟ್ಟಿಗೆ ಅದು ಕೂರುವುದೇ ಇಲ್ಲ. ಬೋಲ್ಟು ಗಡಗಡ ಅಲುಗಾಡಿದರೆ ವಾಪಸ್ ಇಡಿ. ಬಾಯಿಯ ಒಳಮೈಯನ್ನು ಬೆಳಕಿಗೆ ಹಿಡಿಯಿರಿ. ಮೇಲಿನ ನಿಕ್ಕಲ್ ಲೇಪ ಅಲ್ಲಿ ಗಂಟುಗಂಟಾಗಿ ಕೂತಿದ್ದರೆ, ಎರಡು ದವಡೆಗಳು ಒಂದಕ್ಕೊಂದು ಸಮಾನಾಂತರ ಇಲ್ಲದಿದ್ದರೆ ಅದೂ ಬೇಡ. ಮೈಮೇಲೆ ಕಂಪನಿ ಹೆಸರು, ಸೈಜು, ಕ್ರೋಮ್ ವೆನೇಡಿಯಂ ಎಂಬ ಮುದ್ರೆ ಸ್ಪಷ್ಟವಾಗಿ ಒತ್ತಿರಬೇಕು. ಉಕ್ಕಿಗೆ ಕ್ರೋಮಿಯಂ, ವೆನೇಡಿಯಂ ಬೆರೆತಾಗ ಅದು ಗಟ್ಟಿಯೂ ಆಗುತ್ತದೆ, ಸಟಕ್ಕನೆ ಮುರಿಯದಷ್ಟು ಜಿಗುಟೂ ಆಗುತ್ತದೆ. ಆದರೆ ಮುದ್ರೆ ಒತ್ತುವುದು ಯಾರಿಗೂ ಸುಲಭ, ಆದ್ದರಿಂದ ಬೋಲ್ಟಿನ ಪರೀಕ್ಷೆ ಬಿಡಬೇಡಿ. ವಿದೇಶದ್ದೇ ಆಗಬೇಕಿಲ್ಲ. ಪಂಜಾಬಿನ ಜಲಂಧರ್, ಲೂಧಿಯಾನಗಳು ಕೈಸಾಮಾನಿನ ದೊಡ್ಡ ತಯಾರಿ ಕೇಂದ್ರಗಳು, ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕಾಣುವ ಟಪಾರಿಯಾ ನಾಶಿಕದ್ದು. ಬೆಂಗಳೂರಿಗೆ ಹೋಗುವವರಾದರೆ ಎಸ್.ಪಿ. ರೋಡು, ಜೆ.ಸಿ. ರೋಡಿನಲ್ಲಿ ಕೈಯಲ್ಲಿ ಹಿಡಿದು ನೋಡಿ ತರಬಹುದು. ಹೆಸರುವಾಸಿ ಕಂಪನಿಯ ಹತ್ತರ ರಿಂಗ್ ಸ್ಪ್ಯಾನರ್ ನೂರಿನ್ನೂರು ರೂಪಾಯಿಯಲ್ಲೇ ಸಿಗುತ್ತದೆ. ಅಗ್ಗದ ಸ್ಪ್ಯಾನರು ಕೆಡಿಸುವ ನಟ್ಟನ್ನು ಬಿಚ್ಚಿಸಲು ವೆಲ್ಡಿಂಗಿನವರ ಹತ್ತಿರ ಹೋದರೆ ಅದಕ್ಕಿಂತ ಜಾಸ್ತಿ ಆಗುತ್ತದೆ.

ಇನ್ನು ಉದ್ದದ ಮಾತು. ನನ್ನ ಪಾಠಕ್ಕೂ ಗಾಡಿಗೂ ನೇರ ಸಂಬಂಧ ಇರುವುದು ಇಲ್ಲಿ. ಸಣ್ಣ ಸೈಜಿನ ಸ್ಪ್ಯಾನರ್ ಗಿಡ್ಡ, ದೊಡ್ಡದು ಉದ್ದ. ಇದು ಕಬ್ಬಿಣ ಉಳಿಸುವುದಕ್ಕಲ್ಲ. ನಟ್ಟಿನ ಮೇಲೆ ಬೀಳುವ ತಿರುಚುಬಲ, ಟಾರ್ಕ್, ಕೈಯ ಒತ್ತಡ ಮತ್ತು ಹಿಡಿಯ ಉದ್ದ ಎರಡರ ಗುಣಾಕಾರ. 6 ಮಿ.ಮೀ. ಬೋಲ್ಟಿಗೆ ಬೇಕಾದ್ದು ಸುಮಾರು 10 ನ್ಯೂಟನ್ ಮೀಟರ್. 12 ಸೆಂ.ಮೀ. ಉದ್ದದ ಹತ್ತರ ಸ್ಪ್ಯಾನರಿನಲ್ಲಿ ಎಂಟೂವರೆ ಕಿಲೋ ಭಾರದಷ್ಟು ಒತ್ತಿದರೆ ಅದು ಬರುತ್ತದೆ, ಮಣಿಕಟ್ಟಿನ ಮಾಮೂಲಿ ಬಿಗಿ. ಈಗ ಅದೇ ಬೋಲ್ಟಿಗೆ ಅರ್ಧ ಇಂಚು ಡ್ರೈವಿನ, 25 ಸೆಂ.ಮೀ. ಉದ್ದದ ರ‍್ಯಾಚೆಟ್ ಹಾಕಿ, "ಗಟ್ಟಿ ಇರ್ಲಿ" ಎಂದು ಹತ್ತು ಕಿಲೋ ಒತ್ತಿರಿ. 24–25 ನ್ಯೂಟನ್ ಮೀಟರ್. ಬೋಲ್ಟು ತುಂಡಾಗುತ್ತದೆ, ಇಲ್ಲವೇ ಎಂಜಿನ್ನಿನ ಅಲ್ಯೂಮಿನಿಯಂ ಮೈಯಲ್ಲಿನ ಥ್ರೆಡ್ಡು ಸುರುಳಿಸುರುಳಿಯಾಗಿ ಕೈಗೆ ಬರುತ್ತದೆ. ವಿಚಿತ್ರವೆಂದರೆ ಆ 25 ನ್ಯೂಟನ್ ಮೀಟರ್ ಸಣ್ಣ ಗಾಡಿಯ ಆಯಿಲ್ ಡ್ರೈನ್ ಬೋಲ್ಟಿಗೆ ಹದವಾದ ಬಿಗಿ, ಅದರ 17ರ ರಿಂಗ್ ಸ್ಪ್ಯಾನರಿನ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಸ್ಪ್ಯಾನರು ಮಾಡಿದವರು ನಮ್ಮ ಕೈಯ ಬಲವನ್ನು ಮೊದಲೇ ಲೆಕ್ಕ ಹಾಕಿ ಉದ್ದ ಇಟ್ಟಿದ್ದಾರೆ. ಆದ್ದರಿಂದ ಹೊಸಬರಿಗೆ ಸಾಕೆಟ್ಟಿಗಿಂತ ಸ್ಪ್ಯಾನರೇ ಮೇಲು. ಸಾಕೆಟ್ ಬೇಕೇ ಬೇಕು ಅನ್ನಿಸಿದಾಗ 3/8 ಇಂಚು ಡ್ರೈವಿನ ಸಣ್ಣ ರ‍್ಯಾಚೆಟ್ಟು, ಒಳಗೆ ಹನ್ನೆರಡರ ಬದಲು ಆರು ಮೂಲೆಯಿರುವ ನಾಲ್ಕೈದು ಸಾಕೆಟ್ಟು, ಒಂದು ಎಕ್ಸ್‌ಟೆನ್ಷನ್ ಸಾಕು.

ಹೊರಗೆ ಸರ್ವೀಸಿಗೆ ಕೊಟ್ಟು ತಂದ ಗಾಡಿಯಲ್ಲಿ ಇದರ ಉಲ್ಟಾ ಪಾಠ ಸಿಗುತ್ತದೆ. ಒಂದು ಕಡೆ ಕೊಟ್ಟು ತಂದ ನಮ್ಮ ಸ್ಕೂಟರಿನ ಡ್ರೈನ್ ಬೋಲ್ಟನ್ನು ಗಾಳಿ ಗನ್ನಿನಲ್ಲಿ ಎಷ್ಟು ಬಿಗಿ ಮಾಡಿದ್ದರೆಂದರೆ, ನಾನು ಬಿಚ್ಚಿದಾಗ ಅದರ ವಾಷರ್ ಜಜ್ಜಿ ಕಾಗದದಂತಾಗಿತ್ತು. ಆ ವಾಷರ್ ಹತ್ತಿಪ್ಪತ್ತು ರೂಪಾಯಿಯದ್ದು. ಆಯಿಲ್ ಬದಲಿಸುವಾಗೆಲ್ಲ ಹೊಸದು ಹಾಕಿದರೆ ಅತಿಯಾಗಿ ಬಿಗಿ ಮಾಡುವ ಆಸೆಯೇ ಹುಟ್ಟುವುದಿಲ್ಲ. ಯಾವ ಬೋಲ್ಟನ್ನೂ ಮೊದಲ ನಾಲ್ಕೈದು ಸುತ್ತು ಬೆರಳಲ್ಲೇ ತಿರುಗಿಸಿ ಕೂರಿಸಬೇಕು. ಬೆರಳಿಗೆ ಬಾರದ್ದನ್ನು ಸ್ಪ್ಯಾನರಿನಿಂದ ಒಪ್ಪಿಸಲು ಹೋದರೆ ಥ್ರೆಡ್ಡು ಅಡ್ಡ ಕೂರುತ್ತದೆ.

ಸ್ಕ್ರೂಡ್ರೈವರಿನಲ್ಲಿ ಒಂದು ಗುಟ್ಟಿದೆ. ನಾವು ಸ್ಟಾರ್ ಅನ್ನುವ ಕೂಡುಗುರುತಿನ ಮೂತಿ ಎಲ್ಲ ಒಂದೇ ಅಲ್ಲ. 1930ರ ದಶಕದಲ್ಲಿ ಅಮೆರಿಕದ ಹೆನ್ರಿ ಫಿಲಿಪ್ಸ್ ಬಳಕೆಗೆ ತಂದ ಫಿಲಿಪ್ಸ್ ಒಂದು ಬಗೆ. ಜಪಾನಿನವರ ಜೆಐಎಸ್ ಇನ್ನೊಂದು. ನೋಡಲು ಅವಳಿಜವಳಿ, ಆದರೆ ಫಿಲಿಪ್ಸ್ ಮೂತಿ ಜಪಾನಿ ಸ್ಕ್ರೂವಿನ ತಳದವರೆಗೆ ಇಳಿಯುವುದಿಲ್ಲ. ಅರ್ಧಕ್ಕೇ ನಿಂತು, ಒತ್ತಿ ತಿರುಗಿಸಿದಾಗ ಮೇಲಕ್ಕೆ ಜಾರಿ ಗುಳಿಯನ್ನು ದುಂಡಗೆ ಮಾಡಿಬಿಡುತ್ತದೆ. ಹಳೇ ಜಪಾನಿ ಮೂಲದ ಬೈಕುಗಳ ಕಾರ್ಬುರೇಟರಿನ, ಬ್ರೇಕ್ ಆಯಿಲ್ ಡಬ್ಬಿಯ ಸ್ಕ್ರೂಗಳು ಅಷ್ಟೊಂದು ಕೆಟ್ಟಿರುವುದಕ್ಕೆ ಇದೊಂದು ದೊಡ್ಡ ಕಾರಣ. ಸ್ಕ್ರೂವಿನ ತಲೆಯ ಮೇಲೆ ಒಂದು ಸಣ್ಣ ಚುಕ್ಕಿ ಇದ್ದರೆ ಅದು ಜೆಐಎಸ್. ಒಸಾಕಾದ ವೆಸ್ಸೆಲ್ ಕಂಪನಿಯ ಸ್ಕ್ರೂಡ್ರೈವರು ಇದಕ್ಕೆ ಹೆಸರುವಾಸಿ. ಅದು ಸಿಗದಿದ್ದರೆ ಎರಡನೇ ನಂಬರಿನ, ಮೂತಿ ಸವೆಯದ ಒಂದು ಸ್ಟಾರ್ ಇಟ್ಟುಕೊಂಡು, ತಿರುಗಿಸುವುದಕ್ಕಿಂತ ಒತ್ತುವುದಕ್ಕೆ ಹೆಚ್ಚು ಬಲ ಕೊಡಿ. ಹತ್ತು ಮೂತಿ ಬದಲಾಯಿಸುವ ಹಿಡಿಗಳ ಮೇಲೆ ನನಗೆ ನಂಬಿಕೆಯಿಲ್ಲ. ಕಟಿಂಗ್ ಪ್ಲೇಯರ್ ಎಲ್ಲರ ಮನೆಯಲ್ಲೂ ಇದೆ, ಹೊಸದು ಬೇಡ. ಅದರಲ್ಲಿ ನಟ್ಟು ಹಿಡಿದು ತಿರುಗಿಸುವವರನ್ನು ಮಾತ್ರ ಗಾಡಿಯ ಹತ್ತಿರ ಬಿಡಬೇಡಿ.

ಗಾಳಿ ನೋಡುವ ಗೇಜು ಪಟ್ಟಿಯಲ್ಲಿ ಸ್ಪ್ಯಾನರಿಗಿಂತ ಮೇಲೆ ಬರಬೇಕಿತ್ತು. ಗ್ರೀಸು ಮೆತ್ತಿಕೊಳ್ಳಲು ಮನಸ್ಸಿಲ್ಲದವರೂ ಕೊಳ್ಳಬಹುದಾದ ಸಾಮಾನು ಇದೊಂದೇ. ಆಕ್ಟಿವಾಕ್ಕೆ ಕಂಪನಿ ಹೇಳುವುದು ಮುಂದೆ 22 ಪಿಎಸ್‌ಐ, ಹಿಂದೆ ಒಬ್ಬರೇ ಇದ್ದರೆ 29, ಇಬ್ಬರಾದರೆ 36. ಪಂಕ್ಚರ್ ಅಂಗಡಿಯಲ್ಲಿ ಸುಮ್ಮನೆ "ಗಾಳಿ ಹೊಡೀರಿ" ಅಂದರೆ ಎರಡಕ್ಕೂ ಮೂವತ್ತು ಚಿಲ್ಲರೆ ಹೊಡೆದು ಕಳಿಸುತ್ತಾರೆ, ಮಳೆಯ ಕೆಸರಿನಲ್ಲಿ ಮುಂದಿನ ಚಕ್ರ ಜಾರುತ್ತದೆ. ಗಾಡಿ ಓಡುವ ಮೊದಲು, ಟೈರು ತಣ್ಣಗಿರುವಾಗ ನೋಡಬೇಕು. ಅದು ಮನೆಯಲ್ಲೇ ಆಗುವ ಕೆಲಸ. ಬ್ಯಾಟರಿಗೆ ಒಂದು ಸಾದಾ ಮಲ್ಟಿಮೀಟರು. ರಾತ್ರಿಯೆಲ್ಲ ಸುಮ್ಮನಿದ್ದ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ತೋರಿಸಿದರೆ ಅರ್ಧ ಖಾಲಿ. ಎಂಜಿನ್ ಓಡುವಾಗ 13.5ರಿಂದ 14.5ರೊಳಗೆ ಬಂದರೆ ಚಾರ್ಜಿಂಗ್ ಸರಿ ಇದೆ. ಬರದಿದ್ದರೆ ಹೊಸ ಬ್ಯಾಟರಿ ಹಾಕಿಸಿಯೂ ಉಪಯೋಗವಿಲ್ಲ. ಈ ಮೂರು ಅಂಕಿ ಗೊತ್ತಿದ್ದವರಿಗೆ ಬ್ಯಾಟರಿ ಅಂಗಡಿಯಲ್ಲಿ ಸುಮ್ಮನೆ ಹೆದರಿಸಲು ಆಗುವುದಿಲ್ಲ. ಟರ್ಮಿನಲ್ ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಇಲ್ಲವಾದರೆ ಪಾಸಿಟಿವ್ ಮೇಲಿನ ಸ್ಪ್ಯಾನರು ಬಾಡಿಗೆ ತಾಗಿ ಕಿಡಿ ಹಾರುತ್ತದೆ.

ಕಾರಿನ ವಿಷಯಕ್ಕೆ ಬಂದರೆ ಜಾಕಿ. ಡಿಕ್ಕಿಯಲ್ಲಿ ಕಂಪನಿ ಕೊಟ್ಟಿರುವ ಕತ್ತರಿ ಜಾಕಿ ಚಕ್ರ ಬದಲಿಸಲು ಮಾತ್ರ. ಅದರ ಮೇಲೆ ಕಾರು ನಿಲ್ಲಿಸಿ ಕೆಳಗೆ ತಲೆ ಹಾಕುವುದು ಜೀವದ ಜೊತೆ ಆಟ. ಕೆಳಗೆ ಹೋಗುವ ಕೆಲಸವಿದ್ದರೆ ಒಂದು ಜೊತೆ ಜಾಕ್ ಸ್ಟ್ಯಾಂಡ್ ಬೇಕು. ಅದಕ್ಕೆ ದುಡ್ಡಿಲ್ಲವಾದರೆ ಕೆಳಗೆ ಹೋಗುವ ಕೆಲಸವೂ ಬೇಡ. ನಮ್ಮ ಕಡೆ ಅಂಗಳದಲ್ಲಿ ಬಿದ್ದಿರುವ ಜಂಬಿಟ್ಟಿಗೆ ಕಲ್ಲನ್ನೋ ಹಾಲೋ ಬ್ಲಾಕನ್ನೋ ಕೊಡುವುದುಂಟು. ಅವು ಗೋಡೆಯ ಭಾರ ಹೊರುತ್ತವೆ ನಿಜ, ಆದರೆ ಒಂದೇ ಬಿಂದುವಿನ ಮೇಲೆ ಭಾರ ಬಿದ್ದರೆ ಮುನ್ಸೂಚನೆಯಿಲ್ಲದೆ ಸೀಳುತ್ತವೆ. ಮಳೆಗಾಲದ ನೆಲಕ್ಕೆ ಜಾಕಿಯ ಅಡಿಯಲ್ಲಿ ದಪ್ಪ ಹಲಸಿನ ಹಲಗೆಯ ತುಂಡು, ಎತ್ತದ ಚಕ್ರಗಳಿಗೆ ಎರಡೂ ಕಡೆ ಕಲ್ಲು, ಹ್ಯಾಂಡ್ ಬ್ರೇಕು.

ಕಂಪನಿ ಕೊಡುವ ವೀಲ್ ಸ್ಪ್ಯಾನರ್ ಒಂದಡಿ ಉದ್ದ ಇದ್ದರೆ ಹೆಚ್ಚು. ಸಣ್ಣ ಕಾರುಗಳ ಚಕ್ರದ ನಟ್ಟಿನ ಬಿಗಿ ಸುಮಾರು 85ರಿಂದ 110 ನ್ಯೂಟನ್ ಮೀಟರ್. 85ನ್ನೇ ಹಿಡಿದರೂ 30 ಸೆಂ.ಮೀ. ಹಿಡಿಗೆ ಇಪ್ಪತ್ತೊಂಬತ್ತು ಕಿಲೋ ಒತ್ತಡ ಬೇಕು, ಅರ್ಧ ಮೀಟರ್ ಹಿಡಿಗೆ ಹದಿನೇಳು ಕಿಲೋ ಸಾಕು. ಟೈರ್ ಅಂಗಡಿಯ ಗನ್ನು ಅಷ್ಟಕ್ಕೇ ನಿಲ್ಲಿಸಿರುವುದೂ ಇಲ್ಲ. ಆದ್ದರಿಂದ ಕಾರಿನಲ್ಲಿ ಒಂದು ಉದ್ದನೆಯ ವೀಲ್ ಸ್ಪ್ಯಾನರ್ ಇಡಿ, ಅಥವಾ ಕಂಪನಿಯದ್ದಕ್ಕೆ ತೊಡಿಸಲು ಎರಡಡಿ ಜಿಐ ಪೈಪಿನ ತುಂಡು ಇಡಿ. ಹೆಣ್ಣುಮಕ್ಕಳಿಗೆ ಟೈರ್ ಬದಲಿಸಲು ಆಗಲ್ಲ ಎನ್ನುವವರು ಈ ಗುಣಾಕಾರ ಮಾಡಿ ನೋಡಿದವರಲ್ಲ. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ಆಮೇಲೆ ಜಾಕಿ. ಹಾಕುವಾಗ ಎದುರುಬದುರು ನಟ್ಟುಗಳನ್ನು ಸ್ವಲ್ಪಸ್ವಲ್ಪವೇ ಬಿಗಿ ಮಾಡುತ್ತ ಬಂದು, ಕೊನೆಯ ಬಿಗಿ ಚಕ್ರ ಕೆಳಗಿಳಿದ ಮೇಲೆ. ಟಾರ್ಕ್ ರೆಂಚ್ ಕೊಳ್ಳುವುದಾದರೆ ಈ ಕೆಲಸಕ್ಕೆ ಅರ್ಧ ಇಂಚಿನದು ಕೊಳ್ಳಿ, ಬಳಸಿದ ಮೇಲೆ ಅದರ ಸ್ಪ್ರಿಂಗನ್ನು ಕನಿಷ್ಠ ಗುರುತಿಗೆ ಇಳಿಸಿ ಇಡಿ. ಮೊದಲ ವರ್ಷವೇ ಬೇಕು ಅಂತೇನೂ ಇಲ್ಲ.

ಮಲೆನಾಡಿನಲ್ಲಿ ಸಾಮಾನು ಕೊಳ್ಳುವುದಕ್ಕಿಂತ ಉಳಿಸುವುದು ಕಷ್ಟ. ಆಟಿ ತಿಂಗಳ ಗಾಳಿಗೇ ಕಬ್ಬಿಣ ಕೆಂಪಾಗುತ್ತದೆ. ಆಯಿಲ್ ಬದಲಿಸಿದ ದಿನ ಎಣ್ಣೆ ಹತ್ತಿದ ಬಟ್ಟೆಯಲ್ಲಿ ಎಲ್ಲವನ್ನೂ ಒರೆಸಿ, ಹಳೇ ಪಂಚೆಯ ತುಂಡಿಗೆ ಜೇಬು ಹೊಲಿದ ಚೀಲದಲ್ಲಿ ಸುತ್ತಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಇಡುತ್ತೇನೆ. ಚೀಲದ ಒಂದು ಜೇಬು ಖಾಲಿ ಕಂಡರೆ ಏನೋ ಎಂಜಿನ್ನಿನ ಸಂದಿಯಲ್ಲೋ ಹುಲ್ಲಿನಲ್ಲೋ ಉಳಿದಿದೆ ಎಂದು ಅರ್ಥ. ಆಯುಧಪೂಜೆಗೆ ಹೇಗೂ ಎಲ್ಲ ಹೊರಗೆ ಬರುತ್ತವೆ, ಮಾವನವರು ಕತ್ತಿ, ಗುದ್ದಲಿಗಳ ಜೊತೆ ನನ್ನ ಸ್ಪ್ಯಾನರುಗಳನ್ನೂ ತೊಳೆದು ಕುಂಕುಮ ಇಡುತ್ತಾರೆ. ಮಾರನೇ ದಿನ ಆ ಕುಂಕುಮ, ನೀರು ಒರೆಸಿ ಎಣ್ಣೆ ಸವರುವುದು ನನ್ನ ಪಾಲು. ಬಿಚ್ಚಿದ ನಟ್ಟು ಹಾಕಲು ಅಯಸ್ಕಾಂತದ ತಟ್ಟೆ ಸಿಗುತ್ತದೆ, ನಾನು ಕರಟ ಇಟ್ಟುಕೊಂಡಿದ್ದೇನೆ. ಒಂದೊಂದು ಭಾಗಕ್ಕೆ ಒಂದೊಂದು ಕರಟ. ಉದ್ದ ಬೇರೆಯಿರುವ ಬೋಲ್ಟುಗಳು ಅದಲುಬದಲಾಗದಿದ್ದರೆ ಅರ್ಧ ತಾಪತ್ರಯ ಇಲ್ಲ. ಹಣೆಗೆ ಕಟ್ಟುವ ಟಾರ್ಚೊಂದು ಇದ್ದರೆ "ಸ್ವಲ್ಪ ಈ ಕಡೆ ಹಿಡಿ" ಎಂದು ಮಕ್ಕಳನ್ನು ಕರೆಯುವ ಕೆಲಸ ತಪ್ಪುತ್ತದೆ.

ಎಲ್ಲಿ ನಿಲ್ಲಿಸಬೇಕು ಎಂಬುದೂ ಸಾಮಾನಿನ ಆಯ್ಕೆಯೇ. ಬ್ರೇಕು ಬಿಚ್ಚುವ ಸಾಮಾನು ನಾನು ಇಟ್ಟುಕೊಂಡಿಲ್ಲ. ಟ್ಯಾಪೆಟ್ ಹೊಂದಿಸುವ ಗೇಜೂ ಇಲ್ಲ. 2020ರ ಏಪ್ರಿಲ್ ನಂತರದ ಬಿಎಸ್-6 ಸ್ಕೂಟರು, ಬೈಕುಗಳಲ್ಲಿ ಹೆಚ್ಚಿನವಕ್ಕೆ ಕಾರ್ಬುರೇಟರೇ ಇಲ್ಲ, ಪೆಟ್ರೋಲನ್ನು ಇಂಜೆಕ್ಟರು ಚಿಮ್ಮಿಸುತ್ತದೆ. ಮೊದಲಿನ ಹಾಗೆ ಸ್ಕ್ರೂ ತಿರುಗಿಸಿ ಐಡಲಿಂಗ್ ಏರಿಸುವ ಕಾಲ ಮುಗಿಯಿತು. ಮೀಟರಿನಲ್ಲಿ ಎಂಜಿನ್ ದೀಪ ಹತ್ತಿದರೆ ಕೋಡ್ ಓದುವ ಸ್ಕ್ಯಾನರ್ ಬೇಕು. ಈಚಿನ ಕಾರುಗಳಲ್ಲಿ ಸ್ಟೀರಿಂಗ್ ಕೆಳಗಿರುವ 16 ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸಿ ಮೊಬೈಲಿನಲ್ಲೇ ಓದುವ ಸಾಧನ ಅಗ್ಗವಾಗಿ ಸಿಗುತ್ತದೆ. ಅದು ಎಲ್ಲಿ ನೋಡಬೇಕು ಎನ್ನುತ್ತದೆಯೇ ಹೊರತು ಏನು ಬದಲಿಸಬೇಕು ಎನ್ನುವುದಿಲ್ಲ.

ನಮ್ಮ ಗ್ಯಾರೇಜಿನ ಮೇಸ್ತ್ರಿಗೆ ನಾನು ಗಾಡಿ ಬಿಚ್ಚುವುದರ ಬಗ್ಗೆ ಬೇಸರವಿಲ್ಲ. ಅವರ ಬೇಸರ ಬೇರೆ ಥರದವರ ಮೇಲೆ. "ಅಕ್ಕಾ, ವಿಡಿಯೋ ನೋಡಿ ಬಿಚ್ತಾರೆ, ಆಮೇಲೆ ಬೋಲ್ಟೆಲ್ಲ ಒಂದು ಕೊಟ್ಟೆಗೆ ತುಂಬ್ಕೊಂಡು ನನ್ನ ಮುಂದೆ ತಂದು ಸುರೀತಾರೆ. ಯಾವ ಬೋಲ್ಟು ಎಲ್ಲಿಗೆ ಅಂತ ನಂಗೆ ಕನಸು ಬೀಳ್ತದಾ?" ಎನ್ನುತ್ತಾರೆ. ಇಳಿಸಿದ ಹಳೇ ಆಯಿಲನ್ನು ನಾನು ಚರಂಡಿಗೂ ಹಾಕುವುದಿಲ್ಲ, ತೋಟದ ಬುಡಕ್ಕೂ ಹಾಕುವುದಿಲ್ಲ. ಅದೇ ಕ್ಯಾನಿಗೆ ವಾಪಸ್ ತುಂಬಿ ಮುಚ್ಚಳ ಹಾಕಿ ಇಟ್ಟಿರುತ್ತೇನೆ. ಕ್ಯಾನು ತುಂಬಿದಾಗ ಅವರ ಡ್ರಮ್ಮಿಗೆ ಸುರಿದು, ಹಾಗೇ ಬ್ರೇಕನ್ನೂ ತೋರಿಸಿಕೊಂಡು ಬರುತ್ತೇನೆ.